ಊರಿನ ನೆನಪನ್ನು ಕಾಯುವ ಖರ್ಚು ಯಾರದು?

1765ರ ಆಗಸ್ಟ್ 26ರ ರಾತ್ರಿ ಬಾಸ್ಟನ್ನಿನಲ್ಲಿ ರೊಚ್ಚಿಗೆದ್ದ ಗುಂಪೊಂದು ಮ್ಯಾಸಚೂಸೆಟ್ಸ್ ವಸಾಹತಿನ ಉಪರಾಜ್ಯಪಾಲ ಥಾಮಸ್ ಹಚಿನ್ಸನ್ ಅವರ ಮನೆಗೆ ನುಗ್ಗಿತು. ಬ್ರಿಟಿಷ್ ಸಂಸತ್ತು ಹೇರಿದ್ದ ಸ್ಟಾಂಪ್ ತೆರಿಗೆಯ ಮೇಲಿನ ಸಿಟ್ಟನ್ನು ಜನ ಆ ಮನೆಯ ಬಾಗಿಲು, ಗೋಡೆ, ಪೀಠೋಪಕರಣಗಳ ಮೇಲೆ ತೀರಿಸಿಕೊಂಡರು. ಹಚಿನ್ಸನ್ ವರ್ಷಗಟ್ಟಲೆ ಕೂಡಿಹಾಕಿದ್ದ ಹಳೆಯ ದಾಖಲೆಗಳೂ, ವಸಾಹತಿನ ಇತಿಹಾಸದ ಎರಡನೆಯ ಸಂಪುಟಕ್ಕಾಗಿ ಅವರು ಬರೆಯುತ್ತಿದ್ದ ಹಸ್ತಪ್ರತಿಯೂ ಬೀದಿಯ ಕೆಸರಿಗೆ ಬಿದ್ದವು. ನೆರೆಯ ಪಾದ್ರಿಯೊಬ್ಬರು ಕೈಗೆ ಸಿಕ್ಕಷ್ಟು ಹಾಳೆಗಳನ್ನು ಆಯ್ದು ಉಳಿಸಿದರು. ಆ ಹಾಳೆಗಳ ಮೇಲಿನ ಕೆಸರಿನ ಕಲೆ ಇಂದಿಗೂ ಹೋಗಿಲ್ಲ.

ಇದಾಗಿ ಕಾಲು ಶತಮಾನದ ಬಳಿಕ, 1791ರ ಜನವರಿಯಲ್ಲಿ, ಅದೇ ಬಾಸ್ಟನ್ನಿನಲ್ಲಿ ಜೆರೆಮಿ ಬೆಲ್ಕ್‌ನ್ಯಾಪ್ ಎಂಬ ಪಾದ್ರಿ ಒಂಬತ್ತು ಮಂದಿ ಸಂಗಡಿಗರನ್ನು ಸೇರಿಸಿಕೊಂಡು ಮ್ಯಾಸಚೂಸೆಟ್ಸ್ ಇತಿಹಾಸ ಸಂಘವನ್ನು ಕಟ್ಟಿದರು. ಸಂಘದ ಮೊದಲ ಸಂಗ್ರಹಕ್ಕೆ ಆ ಹತ್ತು ಮಂದಿಯೇ ತಮ್ಮ ಮನೆಯ ಪುಸ್ತಕ, ಪತ್ರ, ಕರಪತ್ರಗಳನ್ನು ತಂದುಕೊಟ್ಟರು. ಸರಿಸುಮಾರು ಅದೇ ದಿನಗಳಲ್ಲಿ ಥಾಮಸ್ ಜೆಫರ್ಸನ್ ಹಳೆಯ ದಾಖಲೆಗಳ ಸಂಪಾದಕರಾಗಿದ್ದ ಎಬೆನೀಜರ್ ಹಜಾರ್ಡ್ ಅವರಿಗೆ ಬರೆದ ಪತ್ರದಲ್ಲಿ, ಉಳಿದಿರುವುದನ್ನು ಕಾಪಾಡಬೇಕಾದರೆ ಬೀಗ ಹಾಕಿ ಜನರ ಕಣ್ಣಿನಿಂದ ಮರೆಮಾಡಬಾರದು, ಅವಘಡದ ಕೈಗೆ ಸಿಗದಷ್ಟು ಪ್ರತಿಗಳನ್ನು ಮಾಡಿ ಹರಡಬೇಕು ಎಂಬ ಅರ್ಥದ ಮಾತು ಬರುತ್ತದೆ. ಬೆಲ್ಕ್‌ನ್ಯಾಪ್ ಅವರ ಹಟ ಇನ್ನೂ ಒಂದು ಹೆಜ್ಜೆ ಮುಂದಿತ್ತು. ವಸ್ತುಗಳು ತಾವಾಗಿಯೇ ಮಡಿಲಿಗೆ ಬಂದು ಬೀಳಲೆಂದು ಮನೆಯಲ್ಲಿ ಕಾಯುತ್ತ ಕೂರದೆ, ಬೇಟೆಗೆ ಹೊರಟ ತೋಳದಂತೆ ಅಲೆದು ಹುಡುಕಬೇಕು ಎಂದು ಅವರು ಗೆಳೆಯರಿಗೆ ಬರೆದಿದ್ದರು. ಹುಡುಕಿ ತಂದದ್ದನ್ನು ಮುಂದಿನ ನೂರು ವರ್ಷ ಕಾಯುವುದಕ್ಕೆ ಯಾರು ದುಡ್ಡು ಕೊಡಬೇಕೆಂಬ ಪ್ರಶ್ನೆ ಅಂದು ಅಷ್ಟಾಗಿ ಮೇಲೆದ್ದಿರಲಿಲ್ಲ. ಇಂದು ಸ್ಥಳೀಯ ಇತಿಹಾಸ ಸಂಘಗಳನ್ನೂ ಅವು ನಡೆಸುವ ಪುಟ್ಟ ವಸ್ತುಸಂಗ್ರಹಾಲಯಗಳನ್ನೂ ಕಾಡುತ್ತಿರುವ ಪ್ರಶ್ನೆ ಅದೇ.

ಬಾಸ್ಟನ್ನಿಗಿಂತ ಮೊದಲೂ ಇಂಥ ಸಂಘಗಳಿದ್ದವು. ಇಂಗ್ಲೆಂಡಿನ ಲಿಂಕನ್‌ಶೈರಿನ ಸ್ಪಾಲ್ಡಿಂಗ್ ಎಂಬ ಸಣ್ಣ ಪಟ್ಟಣದಲ್ಲಿ ಮಾರಿಸ್ ಜಾನ್ಸನ್ ಎಂಬ ವಕೀಲರು 1710ರಲ್ಲಿ ಆರಂಭಿಸಿದ ಕೂಟ ಕಾಫಿ ಅಂಗಡಿಯೊಂದರಲ್ಲಿ ಲಂಡನ್ನಿನ ಪತ್ರಿಕೆಗಳನ್ನು ಒಟ್ಟಿಗೆ ಓದುವುದರಿಂದ ಮೊದಲಾಯಿತು. ಮುಂದೆ ಐಸಾಕ್ ನ್ಯೂಟನ್ ಅವರಂಥವರೂ ಅದರ ಸದಸ್ಯರಾದರು. ಓದುವ ಕೂಟ ಪುಸ್ತಕಗಳನ್ನು ಕೂಡಿಸಿತು, ಪುಸ್ತಕಗಳ ಜೊತೆಗೆ ನಾಣ್ಯ, ಶಂಖ, ಕಲ್ಲು, ಹಳೆಯ ಪತ್ರಗಳೂ ಬಂದವು. ಸಂಘಕ್ಕೊಂದು ಸಂಗ್ರಹಾಲಯ ಹುಟ್ಟಿಕೊಳ್ಳುವುದು ಬಹುಮಟ್ಟಿಗೆ ಹೀಗೆಯೇ. ಮೊದಲು ಮಾತು, ಆಮೇಲೆ ಕಪಾಟು, ಕಪಾಟು ತುಂಬಿದ ಮೇಲೆ ಕೋಣೆ.

ಕೋಣೆ ಬಂದೊಡನೆ ಚಾವಣಿ ಸೋರುವ ಚಿಂತೆಯೂ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಸಂಘಗಳ ಕತೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ಪಟ್ಟಣದಿಂದ ಪಟ್ಟಣಕ್ಕೆ ವಿದ್ವತ್ ಸಂಘಗಳು ಎದ್ದವು. ಸದಸ್ಯರ ಚಂದಾ ಹಣದಿಂದ ಕಟ್ಟಡ ಕಟ್ಟಬಹುದಿತ್ತು, ಉದ್ಘಾಟನೆಯನ್ನೂ ಮಾಡಬಹುದಿತ್ತು. ಮೇಲ್ವಿಚಾರಕನ ಸಂಬಳವನ್ನು ತಲೆಮಾರುಗಟ್ಟಲೆ ಕೊಡುತ್ತ ಬರುವುದು ಮಾತ್ರ ಕಷ್ಟವಾಯಿತು. ದೊಡ್ಡ ಪಟ್ಟಣಗಳು ವಸ್ತುಸಂಗ್ರಹಾಲಯಕ್ಕಾಗಿ ಸಣ್ಣದೊಂದು ಸ್ಥಳೀಯ ತೆರಿಗೆ ಹಾಕಲು ಅವಕಾಶ ಕೊಟ್ಟ ಕಾಯ್ದೆ 1845ರಲ್ಲಿ ಬಂತು. ಹತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳು ಆಸ್ತಿ ಮೌಲ್ಯದ ಪ್ರತಿ ಪೌಂಡಿಗೆ ಅರ್ಧ ಪೆನ್ನಿಯಷ್ಟು ವಸೂಲು ಮಾಡಬಹುದಿತ್ತು, ಪ್ರವೇಶ ಶುಲ್ಕ ಒಂದು ಪೆನ್ನಿಯನ್ನು ಮೀರುವಂತಿರಲಿಲ್ಲ. ಲೆಸ್ಟರ್ ಪಟ್ಟಣದ ಸಾಹಿತ್ಯ ಮತ್ತು ತತ್ತ್ವ ಸಂಘ ಕೂಡಿಸಿದ್ದ ಸಂಗ್ರಹವೇ 1849ರಲ್ಲಿ ಅಲ್ಲಿನ ನಗರ ಸಂಗ್ರಹಾಲಯಕ್ಕೆ ಬುನಾದಿಯಾಯಿತು. ಯಾರ್ಕ್ ನಗರದಲ್ಲಿ 1822ರಲ್ಲಿ ಹುಟ್ಟಿದ ಸಂಘ 1830ರಲ್ಲಿ ಯಾರ್ಕ್‌ಶೈರ್ ವಸ್ತುಸಂಗ್ರಹಾಲಯವನ್ನು ತೆರೆದು, ನೂರಮೂವತ್ತು ವರ್ಷ ನಡೆಸಿ, 1960ರ ದಶಕದ ಆರಂಭದಲ್ಲಿ ಅದನ್ನು ನಗರಸಭೆಯ ಕೈಗೆ ಒಪ್ಪಿಸಿತು. ಇದನ್ನು ಸೋಲೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ನಾಲ್ಕೈದು ತಲೆಮಾರುಗಳ ಸ್ವಯಂಸೇವಕರು ಹೊತ್ತ ಹೊರೆಯನ್ನು ಊರು ತನ್ನದೆಂದು ಒಪ್ಪಿಕೊಂಡ ಘಳಿಗೆ ಅದು.

ಅಮೆರಿಕದಲ್ಲಿ ಎರಡು ದಾರಿಗಳು ಕಾಣಿಸಿಕೊಂಡವು. 1846ರಲ್ಲಿ ಸ್ಥಾಪನೆಯಾದ ವಿಸ್ಕಾನ್ಸಿನ್ ಇತಿಹಾಸ ಸಂಘಕ್ಕೆ 1854ರಿಂದ ರಾಜ್ಯದ ಬೊಕ್ಕಸದ ಹಣ ಬರತೊಡಗಿತು. ಮೌಂಟ್ ವರ್ನನ್ ಸಂಘದ ದಾರಿ ಇದಕ್ಕೆ ತದ್ವಿರುದ್ಧವಾಗಿತ್ತು. ಜಾರ್ಜ್ ವಾಷಿಂಗ್ಟನ್ ಅವರ ಮನೆ ಪಾಳುಬೀಳುತ್ತಿರುವುದನ್ನು ಕಂಡು ಆನ್ ಪಮೇಲಾ ಕನಿಂಗ್‌ಹ್ಯಾಮ್ ಎಂಬ ಮಹಿಳೆ 1853ರಲ್ಲಿ ಹೆಂಗಸರಿಗೆ ಕರೆ ಕೊಟ್ಟರು. ಆ ಸಂಘ ಊರೂರಿನಿಂದ ದೇಣಿಗೆ ಎತ್ತಿ ಎರಡು ಲಕ್ಷ ಡಾಲರಿಗೆ ಮನೆಯನ್ನೂ ಇನ್ನೂರು ಎಕರೆ ನೆಲವನ್ನೂ ಕೊಂಡುಕೊಂಡಿತು. ಸರ್ಕಾರದ ಹಣ ಮುಟ್ಟದೆ ಇಂದಿಗೂ ಅದನ್ನು ನಡೆಸುತ್ತಿದೆ. ಆದರೆ ಅದು ರಾಷ್ಟ್ರದ ಮೊದಲ ಅಧ್ಯಕ್ಷರ ಮನೆ. ಸಾಮಾನ್ಯ ಊರೊಂದರ ಕಮ್ಮಾರನ ತಿದಿಗೋ ಸೂಲಗಿತ್ತಿಯ ಲೆಕ್ಕದ ಪುಸ್ತಕಕ್ಕೋ ಅಂಥ ಕರೆ ಕೊಟ್ಟರೆ ಎಷ್ಟು ಜನ ಓಗೊಟ್ಟಾರು?

ಸಾಮಾನ್ಯರ ಬದುಕಿನ ವಸ್ತುಗಳಿಗೂ ಇತಿಹಾಸದಲ್ಲಿ ಜಾಗವಿದೆ ಎಂಬ ತಿಳಿವಳಿಕೆಗೆ ಗಟ್ಟಿ ರೂಪ ಕೊಟ್ಟವರಲ್ಲಿ ಸ್ವೀಡನ್ನಿನ ಆರ್ಟುರ್ ಹಸೇಲಿಯಸ್ ಮುಖ್ಯರು. 1872ರಲ್ಲಿ ದಾಲಾರ್ನಾ ಪ್ರಾಂತ್ಯದಲ್ಲಿ ಸುತ್ತುತ್ತಿದ್ದಾಗ ಹಳ್ಳಿಗರ ಉಡುಪು, ಸಲಕರಣೆಗಳೆಲ್ಲ ಕಾರ್ಖಾನೆಯ ಯುಗದಲ್ಲಿ ಕಣ್ಮರೆಯಾಗುತ್ತಿರುವುದು ಅವರ ಗಮನಕ್ಕೆ ಬಂತು. ಮರುವರ್ಷವೇ ಸ್ಟಾಕ್‌ಹೋಮಿನಲ್ಲಿ ಸಂಗ್ರಹ ತೆರೆದರು. 1891ರಲ್ಲಿ ಹಳ್ಳಿಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯವನ್ನು ಕಟ್ಟಿದರು. ಆ ಮಾದರಿ ಯುರೋಪಿನಾದ್ಯಂತ ಹಬ್ಬಿತು. ಸ್ವೀಡನ್ನಿನಲ್ಲಿ ಇಂದು ಸುಮಾರು ಎರಡು ಸಾವಿರ ಸ್ಥಳೀಯ ಪರಂಪರೆ ಸಂಘಗಳಿವೆ, ಅವುಗಳಲ್ಲಿ ಬಹುಪಾಲು ಸ್ವಯಂಸೇವಕರ ಬಲದ ಮೇಲೆಯೇ ನಿಂತಿವೆ.

ಊರಿನ ಅಭಿಮಾನಕ್ಕೆ ಇನ್ನೊಂದು ಮುಖವೂ ಇದೆ. ಜರ್ಮನಿಯಲ್ಲಿ ತವರುನಾಡಿನ ಸಂಗ್ರಹಾಲಯಗಳೆಂದು ಬೆಳೆದಿದ್ದ ಪುಟ್ಟ ಸಂಸ್ಥೆಗಳನ್ನು 1930ರ ದಶಕದಲ್ಲಿ ನಾಜಿ ಆಡಳಿತ ತನ್ನ ಜನಾಂಗ ಸಿದ್ಧಾಂತದ ಪ್ರಚಾರಕ್ಕೆ ಬಳಸಿಕೊಂಡಿತು. ಊರು ಎಂದರೆ ಯಾರು, ಯಾರ ನೆನಪು ಒಳಗೆ ಮತ್ತು ಯಾರದು ಹೊರಗೆ ಎಂಬುದನ್ನು ದುಡ್ಡು ಕೊಡುವವರೇ ತೀರ್ಮಾನಿಸಿದರೆ ಸಂಗ್ರಹಾಲಯ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ಬೇಕಿಲ್ಲ. ಬೆಂಬಲದ ಮಾತಾಡುವಾಗ ಮೊತ್ತದ ಜೊತೆಗೆ ಷರತ್ತನ್ನೂ ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಯುದ್ಧಾನಂತರದ ಎರಡು ದಶಕಗಳಲ್ಲಿ ಸಂಘಗಳ ಸಂಖ್ಯೆ ಬೆಳೆಯಿತು, ಚಿಂತನೆ ಅಷ್ಟಾಗಿ ಬದಲಾಗಲಿಲ್ಲ. ತಿರುವು ಬಂದದ್ದು 1967ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ನಗರದ ಅನಾಕೋಸ್ಟಿಯಾ ಬಡಾವಣೆಯ ಮುಚ್ಚಿದ ಸಿನಿಮಾ ಮಂದಿರವೊಂದರಲ್ಲಿ, ಅಮೆರಿಕದ ರಾಷ್ಟ್ರೀಯ ಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆ ಬಡಾವಣೆಯ ಜನರಿಗಾಗಿಯೇ ಒಂದು ಸಂಗ್ರಹಾಲಯ ತೆರೆಯಿತು. ಜಾನ್ ಕಿನಾರ್ಡ್ ಅದರ ಮೊದಲ ನಿರ್ದೇಶಕರು. ತಮ್ಮ ಮನೆಗಳಲ್ಲಿ ಇಲಿಗಳ ಕಾಟ ಎಷ್ಟಿದೆಯೆಂದು ಅಲ್ಲಿಗೆ ಬರುತ್ತಿದ್ದ ಮಕ್ಕಳು ಆಡಿದ ಮಾತಿನಿಂದಲೇ ಒಂದು ಪ್ರದರ್ಶನ ಹುಟ್ಟಿತು. 1969ರ ಕೊನೆಯಲ್ಲಿ ತೆರೆದ ಆ ಪ್ರದರ್ಶನದಲ್ಲಿ ಹಿತ್ತಲಿನ ಕಸದ ನಡುವೆ ಓಡಾಡುವ ಜೀವಂತ ಇಲಿಗಳನ್ನೇ ಇಡಲಾಗಿತ್ತು. ಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆ ಎಂದುಕೊಂಡಿದ್ದವರಿಗೆ ಅದು ಬೆಚ್ಚಿಬೀಳಿಸುವಂಥದ್ದು. ಬಡಾವಣೆಯವರಿಗಾದರೋ ದಿನ ಬೆಳಗಾದರೆ ಎದುರಿಸುತ್ತಿದ್ದ ಸಂಕಟವನ್ನು ಯಾರೋ ಮೊದಲ ಬಾರಿಗೆ ಲೆಕ್ಕಕ್ಕೆ ತೆಗೆದುಕೊಂಡಂತಾಯಿತು.

ನಾಲ್ಕೈದು ವರ್ಷಗಳೊಳಗೆ ಇದೇ ವಿಚಾರ ಬೇರೆ ಬೇರೆ ಕಡೆ ಮೊಳೆಯಿತು. 1971ರಲ್ಲಿ ಫ್ರಾನ್ಸಿನ ಹ್ಯೂಗ್ ದ ವರೀನ್ 'ಇಕೋಮ್ಯೂಸಿಯಂ' ಎಂಬ ಪದವನ್ನು ಚಲಾವಣೆಗೆ ತಂದರು. ವಸ್ತುಗಳು ಅವುಗಳ ಒಡೆಯರ ಮನೆಯಲ್ಲೇ ಇರಲಿ, ಆ ಪ್ರದೇಶವೆಲ್ಲವೂ ಸಂಗ್ರಹಾಲಯ, ಅಲ್ಲಿನ ಜನರೇ ಅದರ ಪಾಲಕರು ಎಂಬುದು ಅದರ ತಿರುಳು. 1972ರಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಯುನೆಸ್ಕೋ ಕರೆದ ದುಂಡುಮೇಜಿನ ಸಭೆ ಸಂಗ್ರಹಾಲಯಗಳು ಸುತ್ತಲಿನ ಸಮಾಜದ ಕಷ್ಟಸುಖಕ್ಕೆ ಬಾಧ್ಯವಾಗಿರಬೇಕೆಂದು ಹೇಳಿತು.

ಹೇಳಿದ್ದು ನಡೆದ ಜಾಗ ಮೆಕ್ಸಿಕೋದ ಓಹಾಕಾ ರಾಜ್ಯ. ಅಲ್ಲಿನ ಸಾಂತಾ ಆನಾ ದೆಲ್ ವಾಯೆ ಎಂಬ, ಸಪೋಟೆಕ್ ಮೂಲನಿವಾಸಿಗಳ ಹಳ್ಳಿಯ ಜನ 1980ರ ದಶಕದ ನಡುವಿನಲ್ಲಿ ಊರ ಚೌಕದ ಕೆಲಸಕ್ಕೆ ನೆಲ ಅಗೆಯುವಾಗ ಪುರಾತನ ಅವಶೇಷಗಳು ಸಿಕ್ಕವು. ಮೆಕ್ಸಿಕೋದ ಕಾನೂನಿನ ಪ್ರಕಾರ ಅಂಥವು ರಾಷ್ಟ್ರದ ಸೊತ್ತು. ಅವು ದೂರದ ನಗರಕ್ಕೆ ಸಾಗಿಹೋಗಬಾರದು, ಊರಿನಲ್ಲೇ ಉಳಿಯಬೇಕು ಎಂದು ಗ್ರಾಮಸಭೆ ಪಟ್ಟುಹಿಡಿಯಿತು. ಸರ್ಕಾರದ ಪುರಾತತ್ವ ಸಂಸ್ಥೆಯ ಸಹಕಾರ ಪಡೆದು 1986ರಲ್ಲಿ ಶಾನ್ ದಾನಿ, ಅಂದರೆ ಬೆಟ್ಟದ ಬುಡ, ಎಂಬ ಹೆಸರಿನ ಸಂಗ್ರಹಾಲಯವನ್ನು ತೆರೆಯಿತು. ಅದರ ಸಮಿತಿಯನ್ನು ಗ್ರಾಮಸಭೆಯೇ ಆರಿಸುತ್ತದೆ. ಊರಿನ ಉಳಿದ ಹೊಣೆಗಳಂತೆ ಅದೂ ಸರದಿಯ ಮೇಲೆ ಹೊರುವ, ಸಂಬಳವಿಲ್ಲದ ಸೇವೆ. 1991ರ ಹೊತ್ತಿಗೆ ಇಂಥ ಹಳ್ಳಿಗಳು ಸೇರಿ ಒಕ್ಕೂಟವೊಂದನ್ನು ಮಾಡಿಕೊಂಡವು. ಇಡೀ ಊರೇ ಪಾಲಕ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗಿದೆ.

ಎಲ್ಲೆಡೆ ಹಾಗಿಲ್ಲ. ಯುನೆಸ್ಕೋ 2020ರಲ್ಲಿ ಅಂದಾಜಿಸಿದಂತೆ ಜಗತ್ತಿನಲ್ಲಿ ಸುಮಾರು 95,000 ಸಂಗ್ರಹಾಲಯಗಳಿವೆ. ಪ್ರದರ್ಶನಕ್ಕಿಡದೆ ಉಗ್ರಾಣದಲ್ಲಿರುವ ಸಂಗ್ರಹಗಳ ಪೈಕಿ ಶೇಕಡಾ 60ರಷ್ಟು ಅಪಾಯದಲ್ಲಿವೆ ಎಂಬುದು ಸಂರಕ್ಷಣಾ ಕ್ಷೇತ್ರದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರೋಮ್ ಎಚ್ಚರಿಸುತ್ತ ಬಂದಿರುವ ಮಾತು. ಬೆಂಕಿ, ಪ್ರವಾಹ ಸುದ್ದಿಯಾಗುತ್ತವೆ. ತೇವ, ಧೂಳು, ಕಾಗದ ತಿನ್ನುವ ಹುಳು ಸುದ್ದಿಯಾಗುವುದಿಲ್ಲ. ಇನ್ನೊಂದು ನಾಶವಂತೂ ಕಣ್ಣಿಗೇ ಕಾಣದು. ಮದುವೆಯ ಹಳೆಯ ಛಾಯಾಚಿತ್ರವೊಂದನ್ನು ನೆನೆದುಕೊಳ್ಳಿ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಹೆಸರುಗಳನ್ನು ಬರೆದಿದ್ದರೆ ಅದು ದಾಖಲೆ. ಬರೆಯದಿದ್ದರೆ, ಆ ಮುಖಗಳನ್ನು ಗುರುತಿಸಬಲ್ಲ ಕೊನೆಯ ವ್ಯಕ್ತಿ ತೀರಿಕೊಂಡ ದಿನ ಚಿತ್ರ ಇದ್ದೂ ಇಲ್ಲದಂತಾಗುತ್ತದೆ. ಯಾವ ವಸ್ತು, ಯಾರು ಕೊಟ್ಟರು, ಯಾವತ್ತು, ಯಾವ ಷರತ್ತಿನ ಮೇಲೆ ಎಂದು ಬರೆದಿಡುವ ನೋಂದಣಿ ಪುಸ್ತಕವೇ ಸಂಗ್ರಹಾಲಯದ ಪ್ರಾಣ. ಅದನ್ನು ತುಂಬುವ ಕೆಲಸಕ್ಕೆ ದಾನಿಗಳು ಮುಂದೆ ಬರುವುದು ತೀರ ಅಪರೂಪ.

ಅನುದಾನ ಕೊಡುವವರು ಹೊಸ ಗ್ಯಾಲರಿ, ಹೊಸ ಪ್ರದರ್ಶನ, ಹೊಸ ಡಿಜಿಟಲ್ ಯೋಜನೆಗಳನ್ನು ಕೇಳುತ್ತಾರೆ. ಯೋಜನೆ ಮುಗಿದ ಮೇಲೆ ವಿದ್ಯುತ್ ಬಿಲ್ಲು, ವಿಮೆ, ಚಾವಣಿಯ ದುರಸ್ತಿ ಸಂಘದ ತಲೆಯ ಮೇಲೇ ಇರುತ್ತವೆ. ಆದ್ದರಿಂದ ನಿಜಕ್ಕೂ ನೆರವಾಗಬಯಸುವವರಿಗೆ ದೊಡ್ಡ ಮೊತ್ತದ ಒಂದು ಸಲದ ಕೊಡುಗೆಗಿಂತ ವರ್ಷ ತಪ್ಪದ ಸಣ್ಣ ಸದಸ್ಯತ್ವ ಹಣ ಮೇಲು ಎಂದೇ ನನ್ನ ಅಭಿಪ್ರಾಯ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ತಂದಿಟ್ಟು ಹೋಗುವುದಕ್ಕಿಂತ, ಪೆಟ್ಟಿಗೆಯ ಜೊತೆ ಕುಳಿತು ಒಂದೊಂದು ವಸ್ತುವಿನ ಕತೆಯನ್ನು ಬರೆಸುವುದು ಎಷ್ಟೋ ದೊಡ್ಡ ದಾನ. ಬೇಡವೆನ್ನುವ ಹಕ್ಕನ್ನು ಸಂಘಕ್ಕೆ ಬಿಟ್ಟುಕೊಡುವುದೂ ಬೆಂಬಲವೇ. ಹತ್ತನೆಯ ಹೊಲಿಗೆ ಯಂತ್ರಕ್ಕೆ ಅಲ್ಲಿ ಜಾಗವಿರುವುದಿಲ್ಲ.

ಕೊಡುಗೆಯೆಂದರೆ ಹಣವೇ ಆಗಬೇಕಿಲ್ಲ ಎಂಬುದಕ್ಕೆ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಸಂಗ್ರಹಾಲಯವನ್ನು ನೋಡಬೇಕು. ವರ್ಣಭೇದದ ಸರ್ಕಾರ 1966ರಲ್ಲಿ ಆ ಬಡಾವಣೆಯನ್ನು ಬಿಳಿಯರ ಪ್ರದೇಶವೆಂದು ಘೋಷಿಸಿ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿತು, ಮನೆಗಳನ್ನು ನೆಲಸಮ ಮಾಡಿತು. ಕೆಡವುವ ಕೆಲಸದ ಮೇಲ್ವಿಚಾರಕನೊಬ್ಬ ಬೀದಿಗಳ ಹೆಸರಿನ ಫಲಕಗಳನ್ನು ಎಸೆಯದೆ ತನ್ನ ಬಳಿ ಇಟ್ಟುಕೊಂಡಿದ್ದ. 1994ರ ಡಿಸೆಂಬರಿನಲ್ಲಿ ಹಳೆಯ ಚರ್ಚಿನೊಳಗೆ ಸಂಗ್ರಹಾಲಯ ತೆರೆದಾಗ ಆ ಫಲಕಗಳು ಅಲ್ಲಿ ತೂಗಿದವು. ನೆಲದ ಮೇಲೆ ಹಾಸಿದ ದೊಡ್ಡ ನಕ್ಷೆಯಲ್ಲಿ ಹಳೆಯ ನಿವಾಸಿಗಳು ಬಗ್ಗಿ ಕೂತು ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದರು. ಪಕ್ಕದಲ್ಲೇ ಉದ್ದನೆಯ ಬಿಳಿಯ ಬಟ್ಟೆಯೊಂದಿದೆ. ಬಂದವರು ಅದರ ಮೇಲೆ ಪೆನ್ನಿನಿಂದ ಹೆಸರನ್ನೋ ನೆನಪಾದ ಮಾತನ್ನೋ ಬರೆಯುತ್ತಾರೆ. ಶಾಯಿ ಮಾಸಿಹೋಗಬಾರದೆಂದು ಆ ಅಕ್ಷರಗಳ ಮೇಲೆಯೇ ದಾರದಿಂದ ಕಸೂತಿ ಹಾಕಲಾಗುತ್ತದೆ.