ಎಷ್ಟು ಡಿಸ್ಕೌಂಟ್ ಕೊಟ್ಟರೆ ಗಿರಾಕಿ ಉಳಿಯುತ್ತಾರೆ?

"ಸರ್, ದಾವಣಗೆರೆಯಲ್ಲಿ ಸಣ್ಣ ಬಟ್ಟೆ ಅಂಗಡಿ ಹಾಕಿದ್ದೇನೆ. ಒಮ್ಮೆ ಬಂದವರು ಮತ್ತೆ ಬರುವುದಿಲ್ಲ. ಎಷ್ಟು ಡಿಸ್ಕೌಂಟ್ ಕೊಟ್ಟರೆ ಉಳಿಯುತ್ತಾರೆ?"

ಕೇಳುವವರ ಊರು ಬದಲಾಗುತ್ತದೆ, ಸರಕು ಬದಲಾಗುತ್ತದೆ, ಈ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಎಷ್ಟು ಸಲ ಉತ್ತರ ಬರೆದಿದ್ದೇನೋ. ಈ ಸಲ ಲೆಕ್ಕ ಸಮೇತ ಬರೆಯುತ್ತೇನೆ, ದಯವಿಟ್ಟು ಪೆನ್ನು ಹಿಡಿದು ಓದಿ.

800 ರೂಪಾಯಿಗೆ ತಂದ ಸೀರೆಯನ್ನು 1,000ಕ್ಕೆ ಮಾರುತ್ತೀರಿ. ಉಳಿಯುವುದು 200. ಶೇ 10 ಬಿಟ್ಟರೆ ಕೈಗೆ ಬರುವುದು 900, ಉಳಿಯುವುದು 100. ಗಿರಾಕಿಗೆ ಬೆಲೆಯ ಹತ್ತನೇ ಒಂದು ಪಾಲು ಸಿಕ್ಕಿತು, ನಿಮ್ಮ ಲಾಭ ಅರ್ಧಕ್ಕರ್ಧ ಹೋಯಿತು. ಮೊದಲಿನಷ್ಟೇ ಉಳಿಸಬೇಕಾದರೆ 10 ಸೀರೆ ಮಾರುತ್ತಿದ್ದವರು 20 ಮಾರಬೇಕು. ಬಾಡಿಗೆ, ಕರೆಂಟು, ಹುಡುಗರ ಸಂಬಳ ಯಾವುದೂ ಅರ್ಧವಾಗುವುದಿಲ್ಲ. ಶೇ 20 ಬಿಟ್ಟರಂತೂ ಆ ದಿನ ಶಟರ್ ಎತ್ತಿದ್ದೇ ದಂಡ. ಇಷ್ಟೆಲ್ಲ ಬಿಟ್ಟು ಕರೆತಂದವರು, ಪಕ್ಕದ ಅಂಗಡಿಯಲ್ಲಿ 20 ರೂಪಾಯಿ ಕಡಿಮೆ ಎಂದು ಗೊತ್ತಾದ ಕೂಡಲೇ ಎದ್ದು ಹೋಗುತ್ತಾರೆ. ಅದು ಅವರ ತಪ್ಪಲ್ಲ. ರೇಟು ನೋಡಿ ಬನ್ನಿ ಎಂದು ಕರೆದವರು ನೀವೇ.

ಇನ್ನೂ ನಂಬಿಕೆ ಬರದಿದ್ದರೆ ನಿಮ್ಮೂರಿನ ಬೆಣ್ಣೆ ದೋಸೆಯನ್ನೇ ನೋಡಿ. ಐದು ರೂಪಾಯಿ ಅಗ್ಗವೆಂದು ನಿಮ್ಮ ತಂದೆ ಎಂದಾದರೂ ಹೋಟೆಲ್ ಬದಲಿಸಿದ್ದಾರೆಯೇ? ಕೂತ ಕೂಡಲೇ "ಅಣ್ಣಾರಿಗೆ ಖಾಲಿ ದೋಸೆ, ಬೆಣ್ಣೆ ಕಮ್ಮಿ" ಎಂದು ಒಳಗೆ ಕೂಗುವವರಿರುವ ಕಡೆಗೇ ಅವರು ಹೋಗುತ್ತಾರೆ. ತಮಗೇನು ಬೇಕೆಂದು ಕೇಳಿಸಿಕೊಂಡು ನೆನಪಿಟ್ಟವರು ಅಲ್ಲಿದ್ದಾರೆ.

ಬಟ್ಟೆ ವ್ಯಾಪಾರದಲ್ಲಿ ಈ ಕೇಳಿಸಿಕೊಳ್ಳುವ ಕೆಲಸ ಇನ್ನೂ ಕಷ್ಟ, ಏಕೆಂದರೆ ನಮ್ಮ ಜನ ಬೇಕಾದ್ದನ್ನು ನೇರವಾಗಿ ಹೇಳುವುದಿಲ್ಲ. "ಬ್ಯಾರೆ ಐತೇನು?" ಅಂದರೆ ಎಷ್ಟೋ ಸಲ ಬಣ್ಣ ಹಿಡಿಸಲಿಲ್ಲ ಅಂತಲ್ಲ, ಬೆಲೆ ಹೆಚ್ಚಾಯಿತು ಅಂತ. ಜೊತೆಗೆ ಬಂದ ಬೀಗರ ಎದುರು ಹೇಳಲು ಸಂಕೋಚ. ಮದುವೆಗೆ ಜವಳಿ ತೆಗೆಯಲು ಹತ್ತು ಜನ ಬಂದರೆ ಜೋರಾಗಿ ಮಾತಾಡುವವರು ಒಬ್ಬರು, ತೀರ್ಮಾನಿಸುವ ಹಿರಿಯಮ್ಮ ಗೋಡೆಗೊರಗಿ ಸುಮ್ಮನೆ ಕೂತಿರುತ್ತಾರೆ. ನೀರಿನ ಮೊದಲ ಲೋಟ ಅವರಿಗೆ ಹೋಗಬೇಕು.

ಜಗಳೂರು ಕಡೆಯ ಅಜ್ಜಿಯೊಬ್ಬರು ನಮ್ಮಂಗಡಿಗೆ ಬಂದು "ಮೆತ್ತಂದೊಂದು ಸೀರೆ ತೋರ್ಸಪ್ಪ" ಅಂದರು. ಹುಡುಗ ಸಿಂಥೆಟಿಕ್ ಸೀರೆ ಹನ್ನೆರಡು ಬಿಡಿಸಿ ಹಾಸಿದ, ಶೇ 15 ಬಿಡುತ್ತೇನೆ ಎಂದ. ಅಜ್ಜಿ ಚೀಲ ಎತ್ತಿಕೊಂಡು ಎದ್ದರು. "ಯಾರಿಗವ್ವಾ?" ಎಂದು ಕೇಳಿದೆ. "ಮಗಳು ಬಾಣಂತಿ ಐದಾಳೆ ಕಣಪ್ಪ, ಬೆನ್ನ ತುಂಬ ಬೆವರುಗುಳ್ಳೆ." ತೊಳೆದು ಮೆತ್ತಗಾಗುವ ಹತ್ತಿ ಸೀರೆ ಎರಡು ಕೊಟ್ಟೆ. ಒಂದು ರೂಪಾಯಿ ಬಿಡಲಿಲ್ಲ, ಅವರು ಕೇಳಲೂ ಇಲ್ಲ. ಆ ಕೂಸಿನ ಜವಳದ ಬಟ್ಟೆ ನಮ್ಮಲ್ಲೇ ತೆಗೆದರು, ಈಗ ಅವನ ಯೂನಿಫಾರ್ಮ್ ಬಟ್ಟೆಯೂ ನಮ್ಮಲ್ಲೇ.

ಹಾಗಾಗಿ ಯಾರಿಗೆ, ಯಾವ ಕಾರ್ಯಕ್ಕೆ, ಎಷ್ಟರೊಳಗೆ ಎಂದು ಮೊದಲು ಕೇಳಿ, ಆಮೇಲೆ ಸೀರೆ ಬಿಡಿಸಿ. ಮೊಬೈಲು ಗಲ್ಲಾದೊಳಗಿರಲಿ. ಊರ ಬಸ್ಸಿಗೆ ಹೊತ್ತಾಯಿತು ಅಂದವರ ಬಿಲ್ಲು ಮೊದಲು ಮಾಡಿ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. "ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ" ಎಂಬ ಬೋರ್ಡ್ ನಿಮ್ಮ ಅಂಗಡಿಯಲ್ಲೂ ಇದೆಯೇ? 2020ರ ಜುಲೈ 20ರಿಂದ ಜಾರಿಯಾದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅಷ್ಟೇ. ಮನೆಗೆ ಹೋದಮೇಲೆ ಬಣ್ಣ ಹಿಡಿಸಲಿಲ್ಲ ಎನ್ನುವುದು ದೋಷವಲ್ಲ, ಅದು ನಿಮಗೂ ಗಿರಾಕಿಗೂ ಬಿಟ್ಟದ್ದು. ದೂರು ಹೇಳಲು ಅವರಿಗೆ 1915 ಸಹಾಯವಾಣಿ ಇದೆ. ಅದಕ್ಕಿಂತ ಮೊದಲು ಅವರು ನಿಮಗೇ ಹೇಳುವಂತಿರಬೇಕು.

ನಾನು ಆ ಬೋರ್ಡ್ ಇಳಿಸಿದ ವಾರವೇ ಒಬ್ಬ ತಾಯಿ ಬಣ್ಣ ಬಿಟ್ಟ ಲಂಗದ ಬಟ್ಟೆ ಹಿಡಿದು ಬಂದರು. ದುಡ್ಡು ವಾಪಸ್ ಕೊಟ್ಟು, ಅದೇ ಥಾನಿನಲ್ಲಿ ಉಳಿದಿದ್ದರಲ್ಲಿ ಒಂದು ತುಂಡು ನೀರಿಗೆ ಹಾಕಿದೆ. ಬಕೆಟ್ ಪೂರಾ ಕೆಂಪಾಯಿತು. ಇನ್ನೂ ಹದಿನಾಲ್ಕು ಮೀಟರ್ ಮಾರದೆ ಉಳಿದಿತ್ತು.