ಬೀರುವಿನ ರೇಷ್ಮೆ ಸೀರೆ ಬೇಡ, ದಿನಾ ಉಡುತ್ತಿದ್ದ ಸೀರೆ ತನ್ನಿ

ನಾನು ಕೌದಿ, ಅಂದರೆ ಹಳೇ ಬಟ್ಟೆಯ ಪದರ ಕೂಡಿಸಿದ ಹೊದಿಕೆ, ಹೊಲಿಯುವವಳು. ತೀರಿಹೋದವರ ಬಟ್ಟೆಯಲ್ಲಿ ಕೌದಿ ಹೊಲಿಸಿಕೊಳ್ಳುವವರು ಈಗ ಜಾಸ್ತಿಯಾಗಿದ್ದಾರೆ. ಧಾರವಾಡ, ಹುಬ್ಬಳ್ಳಿಯವರಷ್ಟೇ ಅಲ್ಲ, ಬೆಂಗಳೂರಿನಿಂದಲೂ ಬಟ್ಟೆ ಕಳಿಸುತ್ತಾರೆ. ನನಗೆ ಖುಷಿಯೇ. ಆದರೆ ಚೀಲ ಬಿಚ್ಚಿದ ಕೂಡಲೇ ಎಷ್ಟೋ ಸಲ ಸಂಕಟವಾಗುತ್ತದೆ. ಒಳಗೆ ಇರುವುದು ಬರೀ ರೇಷ್ಮೆ. ಆಮೇಲೆ ನಡೆಯುವ ಮಾತೂ ಹೆಚ್ಚುಕಡಿಮೆ ಒಂದೇ.

"ಅಕ್ಕಾರ, ಇದು ನಮ್ಮವ್ವನ ಮದುವಿ ಸೀರಿ. ಇದರಾಗ ಕೌದಿ ಮಾಡಿಕೊಡ್ರಿ."

"ದಿನಾ ಉಡೂ ಸೀರಿ ಎಲ್ಲಿ ಅದಾವು?"

"ಅವೆಲ್ಲಾ ಹಳೇವಾಗಿದ್ದುವ್ರಿ. ಬಾಂಡೆ ಮಾರಾಕಿಗೆ ಹಾಕಿ ಸ್ಟೀಲ್ ಡಬ್ಬಿ ತಗೊಂಡ್ವಿ."

ಕೌದಿಗೆ ಬೇಕಾಗಿದ್ದ ಸೀರೆಗಳೇ ಡಬ್ಬಿಯಾಗಿ ಹೋಗಿರುತ್ತವೆ! ಅವ್ವ ಆ ಮದುವೆ ಸೀರೆ ಉಟ್ಟಿದ್ದು ಜೀವನದಲ್ಲಿ ಎಷ್ಟು ಸಲ? ಅಡುಗೆ ಮಾಡಿದ್ದು, ಮೊಮ್ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದು, ಸೆರಗಿನಲ್ಲಿ ಅವರ ಮುಖ ಒರೆಸಿದ್ದು ಎಲ್ಲಾ ಆ ಹತ್ತಿ ಸೀರೆಯಲ್ಲಿ ಅಲ್ವಾ?

ಭಾವನೆಯ ಮಾತು ಬಿಡಿ, ಬಟ್ಟೆಯ ಮಾತು ಕೇಳಿ. ಹಳೆಯ ರೇಷ್ಮೆ ಕೌದಿಯಾಗಿ ಬಾಳುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ "ಅಷ್ಟು ದುಬಾರಿ ಸೀರೆ, ಗಟ್ಟಿ ಇರೋದಿಲ್ವಾ?" ಅಂತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹತ್ತಿಯ ನೂಲು ನೆನೆದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ರೇಷ್ಮೆಯ ನೂಲು ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಕೌದಿ ಅಂದ ಮೇಲೆ ಹಾಸಬೇಕು, ಹೊದೆಯಬೇಕು, ಒಗೆಯಬೇಕು. ನಾಲ್ಕು ಪದರ ನೀರು ಕುಡಿದ ಕೌದಿಯನ್ನು ಎತ್ತಿ ಹಗ್ಗಕ್ಕೆ ಹಾಕುವಾಗ ಆ ತೂಕವೆಲ್ಲ ಮೇಲಿನ ಬಟ್ಟೆಯ ಮೇಲೆ ಬೀಳುತ್ತದೆ. ಮೇಲಿನದು ಹಳೇ ರೇಷ್ಮೆಯಾದರೆ ಹೊಲಿಗೆಯ ತೂತು ತೂತಿನಲ್ಲೂ ಸೀಳುತ್ತದೆ. ಜೊತೆಗೆ ಬೆವರು, ಬಿಸಿಲು ಎರಡೂ ರೇಷ್ಮೆಗೆ ಆಗುವುದಿಲ್ಲ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ಸೀರೆ ಆ ಮಡಿಕೆಯ ಗೆರೆಯಲ್ಲೇ ಬಿರುಕು ಬಿಡುತ್ತದೆ. ಜರಿ ಅಂಚಿನ ಭಾರ ಒಡಲನ್ನು ಎಳೆಯುತ್ತಿರುತ್ತದೆ. ತೂಕ ಬರಲೆಂದು ಲೋಹದ ಉಪ್ಪು ಸೇರಿಸಿದ ರೇಷ್ಮೆಯಾದರೆ ಮುಟ್ಟದೆ ಇಟ್ಟರೂ ತಾನಾಗಿ ಹರಿಯುತ್ತದೆ. ನೋಡಲು ಹೊಸದರಂತೆ ಹೊಳೆಯುತ್ತಿರುತ್ತದೆ, ಅದೇ ಮೋಸ. ಮಡಿಕೆ ಗೆರೆಯ ಎರಡೂ ಬದಿ ಹೆಬ್ಬೆರಳಿನಿಂದ ಹಿಡಿದು ಮೆಲ್ಲಗೆ ಎಳೆಯಿರಿ. ನೂಲು ಸರಿದು ಬೆಳಕು ಕಂಡರೆ ಆ ಸೀರೆಗೆ ಸೂಜಿ ಹಾಕಿಸಬೇಡಿ.

ಎಲ್ಲಾ ರೇಷ್ಮೆಯೂ ಹೀಗೇ ಅಂತ ಹೇಳುತ್ತಿಲ್ಲ. ಹುರಿ ಹಾಕಿದ ನೂಲಿನ ಕ್ರೇಪ್ ರೇಷ್ಮೆ ಸ್ವಲ್ಪ ತಾಳುತ್ತದೆ. ಬಟ್ಟೆ ಕೈಯಲ್ಲಿ ಹಿಡಿಯದೆ ಯಾರೂ ಖಾತ್ರಿ ಕೊಡಲಾರರು. ರೇಷ್ಮೆ ಬೇಕೇ ಬೇಕು ಅಂದರೆ ಗಟ್ಟಿ ಇರುವ ಕಡೆ ಒಂದು ಅಂಗೈಯಷ್ಟು ತೆಗೆದು, ಕೆಳಗೆ ಹತ್ತಿ ಬಟ್ಟೆ ಕೊಟ್ಟು ಕೌದಿಯ ನಡುವೆ ಕೂಡಿಸುತ್ತೇನೆ. ಉಳಿದ ಸೀರೆಯನ್ನು ಮಡಿಕೆ ಬದಲಿಸುತ್ತಾ ಮಗಳೋ ಸೊಸೆಯೋ ಇಟ್ಟುಕೊಳ್ಳಲಿ.

ಇಳಕಲ್ ಸೀರೆ ತರುವವರಿಗೆ ಬೇರೆ ಮಾತು. ಅದರ ಒಡಲು ಹತ್ತಿಯದಾದರೆ ಅದಕ್ಕಿಂತ ಒಳ್ಳೆಯ ಕೌದಿ ಬಟ್ಟೆ ಇಲ್ಲ. ಆದರೆ ಟೋಪಿ ತೆನೆ ಅನ್ನುವ ವಿನ್ಯಾಸದ ಅದರ ಸೆರಗು ರೇಷ್ಮೆಯದು. ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ನೇಯ್ದಿರುತ್ತಾರೆ. ಹಳೆಯ ಸೀರೆಯಲ್ಲಿ ಆ ಕೊಂಡಿಯ ಜಾಗವೇ ಮೊದಲು ಬಿಡುತ್ತದೆ. ಅದಕ್ಕೇ ಅಲ್ಲಿ ಬೇರ್ಪಡಿಸಿ ಒಡಲನ್ನು ಪದರಕ್ಕೂ, ಸೆರಗಿನಲ್ಲಿ ಗಟ್ಟಿ ಇರುವುದನ್ನಷ್ಟೇ ಕೆಳಗೆ ಹತ್ತಿ ಬಟ್ಟೆ ಕೊಟ್ಟು ಮೇಲಿನ ತುಂಡುಗಳಿಗೂ ಬಳಸುತ್ತೇನೆ. ಕೆಂಪು ದಡಿ ಬಣ್ಣ ಬಿಡುತ್ತದೆಯೋ ಅಂತ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಲೇಬೇಕು. ಬಿಟ್ಟರೆ ಅಪ್ಪನ ಬಿಳಿ ಧೋತರ ಪಕ್ಕದಲ್ಲಿ ಕೂಡಿಸುವಂತಿಲ್ಲ.

ಅಪ್ಪಂದಿರ ಬಟ್ಟೆಯಲ್ಲಿ ಧೋತರವೇ ಬಂಗಾರ. ಒಗೆದು ಒಗೆದು ಮೆತ್ತಗಾದ ಧೋತರವನ್ನು ಒಳಪದರಕ್ಕೆ ಹಾಕಿದರೆ ಸೂಜಿ ಸಲೀಸಾಗಿ ಓಡುತ್ತದೆ. ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಪ್ಯಾಂಟ್ ತಂದರೆ ಸ್ವಲ್ಪ ಯೋಚಿಸುತ್ತೇನೆ. ಅದು ಮೆತ್ತನೆಯ ಹತ್ತಿಯ ಪಕ್ಕದಲ್ಲಿ ಕೂತರೆ ಹತ್ತಿಯೇ ಮೊದಲು ಹರಿಯುತ್ತದೆ. ದಾರವೂ ಹತ್ತಿಯದೇ ಆಗಬೇಕು, ಗಟ್ಟಿ ಪಾಲಿಯೆಸ್ಟರ್ ದಾರ ಹಳೇ ಬಟ್ಟೆಯನ್ನು ಕೊಯ್ಯುತ್ತದೆ.

ಬಸ್ ಕಂಡಕ್ಟರ್ ಆಗಿದ್ದವರೊಬ್ಬರ ಮಗಳು ಅಪ್ಪನ ಖಾಕಿ ಅಂಗಿಗಳನ್ನು ತಂದಿದ್ದಳು. ಚರ್ಮದ ಚೀಲದ ಪಟ್ಟಿ ಉಜ್ಜಿ ಉಜ್ಜಿ ಎಲ್ಲಾ ಅಂಗಿಗಳ ಒಂದೇ ಭುಜ ಸವೆದಿತ್ತು. ಸವೆದಿದ್ದನ್ನು ಕತ್ತರಿಸಿ ಬಿಡಿ ಅಂತ ಅವಳ ಅಣ್ಣ ಹೇಳಿದ. ಅವಳು ಒಪ್ಪಲಿಲ್ಲ. ನಾನೂ ಅವಳ ಕಡೆಗೇ ನಿಂತೆ. ಆ ಭುಜಗಳಿಗೆ ಕೆಳಗಿನಿಂದ ಹತ್ತಿ ಬಟ್ಟೆಯ ಆಸರೆ ಕೊಟ್ಟು ಸಾಲಾಗಿ ಹೊಲಿದೆ. ಸವೆದದ್ದಕ್ಕೆ ಮದ್ದಿದೆ, ಬೀರುವಿನಲ್ಲಿ ಪುಡಿಯಾದದ್ದಕ್ಕೆ ಇಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿ ನೋಡಿ. ಅಂಚಿನಿಂದ ನಡುವಿಗೆ ತುಂಡು ಕೂಡಿಸುತ್ತಾ ಬರುತ್ತಾರೆ, ನಾಲ್ಕು ಮೂಲೆಗೆ ಬಟ್ಟೆಯ ಹೂವು ಇಡುತ್ತಾರೆ. ಅವರೂ ಉಟ್ಟು ಹಳೆಯದಾದ ಬಟ್ಟೆಯಲ್ಲೇ ಹೊಲಿಯುವುದು.

"ಒಗೀಬ್ಯಾಡ್ರಿ, ಅವ್ವನ ವಾಸನಿ ಹೋಗತೈತಿ" ಅನ್ನುವವರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಆದರೂ ಒಗೆಯಲೇಬೇಕು. ಬೆವರು, ಎಣ್ಣೆ, ಗಂಜಿ ಉಳಿದ ಬಟ್ಟೆಯನ್ನು ಪದರದೊಳಗೆ ಮುಚ್ಚಿದರೆ ಹುಳ ಹಿಡಿಯುತ್ತದೆ, ಬೂಷ್ಟು ಬರುತ್ತದೆ. ಒಂದು ಕುಪ್ಪಸವನ್ನು ಒಗೆಯದೆ ಬೇರೆ ಇಟ್ಟುಕೊಳ್ಳಿ, ಅದನ್ನು ನನಗೆ ಕೊಡಬೇಡಿ.

5 ಅಡಿ ಅಗಲ, 7 ಅಡಿ ಉದ್ದದ ಕೌದಿಗೆ ಮೂರು ನಾಲ್ಕು ಹತ್ತಿ ಸೀರೆ ಸಾಕು. ತೀರಿಹೋದವರ ಬಟ್ಟೆ ಮನೆಯಲ್ಲಿ ಇಡಬಾರದು ಅನ್ನುವ ಪದ್ಧತಿ ನಿಮ್ಮಲ್ಲಿದ್ದರೆ ಮೊದಲು ಹಿರಿಯರನ್ನು ಕೇಳಿ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಒಪ್ಪಿದರೆ, ದಿನಕರ್ಮದ ಗಡಿಬಿಡಿಯಲ್ಲಿ ಯಾರೋ ಗಂಟು ಕಟ್ಟಿ ಸಾಗಿಸುವ ಮೊದಲೇ ನಾಲ್ಕು ಸೀರೆ ಎತ್ತಿಡಿ. ಹೊಲಿಸುವುದಕ್ಕೆ ಅವಸರವಿಲ್ಲ, ಒಂದು ವರ್ಷ ಬಿಟ್ಟು ಬಂದರೂ ಆಗುತ್ತದೆ. ಮಕ್ಕಳು ಮೂವರಿದ್ದರೆ ಒಂದೇ ದೊಡ್ಡ ಕೌದಿ ಹೊಲಿಸಬೇಡಿ. ಅದೇ ಸೀರೆಗಳಲ್ಲಿ ಮೂರು ಸಣ್ಣವು ಆಗುತ್ತವೆ, ಎಲ್ಲದರಲ್ಲೂ ಎಲ್ಲಾ ಸೀರೆಯ ತುಂಡು ಬರುವಂತೆ ಹೊಲಿದುಕೊಡುತ್ತೇನೆ.