ಸ್ಪ್ಯಾನಿಷ್ ಕಹಿಗೆ ‘ಗ’ ಎಲ್ಲಿಂದ ಬಂತು?

ಇಟಲಿಯಲ್ಲಿ ‘ಕಫೆ ಅಮಾರೊ’ ಎಂದರೆ ಸಕ್ಕರೆ ಹಾಕದ ಕಾಫಿ. ಊಟದ ಮೇಲೆ ಪುಟ್ಟ ಗ್ಲಾಸಿನಲ್ಲಿ ಕುಡಿಯುವ, ಬೇರು, ಸೊಪ್ಪು, ತೊಗಟೆ ನೆನೆಸಿ ಮಾಡಿದ ಮದ್ಯಕ್ಕೂ ‘ಅಮಾರೊ’ ಎಂದೇ ಹೆಸರು. ಅರ್ಥ ಇಷ್ಟೇ, ಕಹಿ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಜನ ತಮ್ಮ ಲ್ಯಾಟಿನ್ ಭಾಷೆಯಲ್ಲಿ ಇದನ್ನು ‘ಅಮಾರುಸ್’ ಎನ್ನುತ್ತಿದ್ದರು. ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ಎಲ್ಲ ಆ ಲ್ಯಾಟಿನ್ನಿನ ಮಕ್ಕಳೇ. ಇಟಲಿಯವರ ಬಾಯಲ್ಲಿ ಅದು ಜಾಸ್ತಿ ಬದಲಾಗಲಿಲ್ಲ, ಬಾಲ ಮಾತ್ರ ಸವೆಯಿತು.

ಫ್ರೆಂಚಿನಲ್ಲಿ ಬಾಲ ಪೂರ್ತಿ ಉದುರಿತು. ಒತ್ತಿ ನುಡಿಯುವ ‘ಆ’ ಹೋಗಿ ‘ಎ’ ಬಂತು. ಹಾಗೆ ಆದದ್ದು ‘ಅಮೆರ್’. ಇದು ಸುಮ್ನೆ ಆದದ್ದಲ್ಲ. ಲ್ಯಾಟಿನ್ನಿನಲ್ಲಿ ಸಮುದ್ರ ‘ಮಾರೆ’, ಫ್ರೆಂಚಿನಲ್ಲಿ ‘ಮೆರ್’. ಅದೇ ದಾರಿ. ರುಮೇನಿಯದಲ್ಲಿ ‘ಅಮಾರ್’ ಉಳಿಯಿತು. ಅಲ್ಲಿ ಅದಕ್ಕೆ ರುಚಿಯ ಜೊತೆಗೆ ಸಂಕಟ, ದುಃಖ ಎಂಬ ಅರ್ಥವೂ ಇದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಸ್ಪ್ಯಾನಿಷ್. ಅಲ್ಲಿ ಕಹಿ ಎಂದರೆ ‘ಅಮಾರ್ಗೊ’. ಮೂಲದಲ್ಲಿ ‘ಗ’ ಇಲ್ಲವೇ ಇಲ್ಲ, ಅಲ್ವಾ? ಅದು ಬಂದದ್ದು ಕ್ರಿಯಾಪದದಿಂದ. ಕೊನೆಗಾಲದ ಲ್ಯಾಟಿನ್ನಿನಲ್ಲಿ ‘ಕಹಿ ಮಾಡು’ ಎನ್ನಲು ‘ಅಮಾರಿಕಾರೆ’ ಎಂಬ ಮಾತಿತ್ತು. ಆಡುತ್ತ ಆಡುತ್ತ ನಡುವಿನ ‘ಇ’ ಬಿದ್ದುಹೋಯಿತು, ‘ಕ’ ಮೆತ್ತಗಾಗಿ ‘ಗ’ ಆಯಿತು. ‘ಅಮಾರ್ಗಾರ್’ ಹುಟ್ಟಿತು. ಗಾಡಿಗೆ ಹೇರುವುದಕ್ಕೆ ಇದ್ದ ‘ಕಾರಿಕಾರೆ’ಯೂ ಹೀಗೇ ‘ಕಾರ್ಗಾರ್’ ಆಗಿದೆ. ಆಮೇಲೆ ಈ ಕ್ರಿಯಾಪದದಿಂದಲೇ ಹೊಸ ಗುಣಪದ ‘ಅಮಾರ್ಗೊ’ ಬಂತು. ಹಳೆಯ ಸ್ಪ್ಯಾನಿಷ್‌ನಲ್ಲಿದ್ದ ‘ಅಮಾರೊ’ವನ್ನು ಆಚೆಗೆ ತಳ್ಳಿತು. ಮಗಳು ಬಂದು ತಾಯಿಯ ಜಾಗದಲ್ಲಿ ಕೂತ ಹಾಗೆ. ಪೋರ್ಚುಗೀಸರಲ್ಲಿಯೂ ‘ಗ’ ಇದೆ. ಸ್ಪೇನಿನ ಈಶಾನ್ಯದ ಕ್ಯಾಟಲನ್ನರದ್ದು ‘ಅಮಾರ್ಗ್’.

ಇಟಾಲಿಯನ್ನಿನಲ್ಲಿ ಇನ್ನೊಂದು ಸೊಗಸಿದೆ. ‘ಅಮಾರೆ’ ಎಂದರೆ ಪ್ರೀತಿಸುವುದು. ‘ಪರೋಲೆ ಅಮಾರೆ’ ಎಂದರೆ ಕಹಿ ಮಾತುಗಳು. ಎರಡರ ಮೂಲ ಬೇರೆ ಬೇರೆ, ಕಿವಿಗೆ ಮಾತ್ರ ಒಂದೇ. ರೋಮಿನ ಕವಿಗಳೂ ಈ ಜೋಡಿಯನ್ನು ಬಿಡದೆ ಬಳಸಿದ್ದಾರೆ.

‘ಅಮಾರುಸ್’ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಸಂಸ್ಕೃತದ ‘ಆಮ’, ‘ಆಮ್ಲ’ ಇದರ ದಾಯಾದಿಗಳು ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ಆಯುರ್ವೇದದವರು ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿದದ್ದನ್ನು ‘ಆಮ’ ಎನ್ನುತ್ತಾರೆ. ಆ ಮಾತಿನ ಮೊದಲ ಅರ್ಥ ಹಸಿ, ಬೇಯದ್ದು. ‘ಆಮ್ಲ’ ಹುಳಿ. ಅಂದರೆ ಇಲ್ಲಿ ಹಸಿ, ಹುಳಿ, ಅಲ್ಲಿ ಕಹಿ. ಇನ್ನೂ ಬಲಿಯದ ಕಾಯಿಯನ್ನು ಕಚ್ಚಿ ನೋಡಿ. ಹುಳಿ, ಒಗರು, ಕಹಿ ಮೂರೂ ನಾಲಿಗೆಗೆ ಒಟ್ಟಿಗೇ ತಾಗುತ್ತವೆ.